ಕೆ ಎನ್ ಐ ಎಫ್ ಇ

ಹೋದ ಭಾನುವಾರ ಅಕ್ಕನ ಮನೆಗೆ ಹೋಗಿದ್ದೆ, ತಿಪಟೂರು ಹತ್ರ. ಅಕ್ಕನ ಮಗ ಆರನೇ ಕ್ಲಾಸು, ಕನ್ನಡ ಮೀಡಿಯಂ. ಜಗಲಿ ಮೇಲೆ ಕೂತ್ಕೊಂಡು ಜೋರಾಗಿ ಬಾಯಿಪಾಠ ಮಾಡ್ತಿದ್ದ. "ಕೆ ಎನ್ ಐ ಎಫ್ ಇ ನೈಫ್, ನೈಫ್ ಅಂದ್ರೆ ಚಾಕು. ಕೆ ಎನ್ ಡಬಲ್ ಇ ನೀ, ನೀ ಅಂದ್ರೆ ಮಂಡಿ." ನಾವು ಹೇಳ್ತಿದ್ದ ಅದೇ ರಾಗ, ಒಂಚೂರೂ ಬದಲಾಗಿಲ್ಲ. ಸ್ವಲ್ಪ ಹೊತ್ತಾದ್ಮೇಲೆ ಪುಸ್ತಕದೊಳಗೆ ಬೆರಳಿಟ್ಕೊಂಡು ಕೇಳ್ದ, "ಮಾಮ, ಬಾಯಲ್ಲಿ ಹೇಳದೇ ಇರೋ ಕೆ ನ ಯಾಕೆ ಬರೀಬೇಕು?"

ನಂಗೆ ಒಂದು ಕ್ಷಣ ಮಾತೇ ಹೊರಡ್ಲಿಲ್ಲ. ಯಾಕಂದ್ರೆ ಇದೇ ಕೆ ಇಂದ ನಾನು ಐದನೇ ಕ್ಲಾಸಲ್ಲಿ ಬೆಂಚ್ ಮೇಲೆ ನಿಂತಿದ್ದೆ. ಆಗ ನಮಗೆ ಎಬಿಸಿಡಿ ಶುರು ಆಗ್ತಿದ್ದಿದ್ದೇ ಐದನೇ ಕ್ಲಾಸಿಂದ. ಎದ್ದು ನಿಂತು "ಕ್ನೈಫ್" ಅಂತ ಓದಿದ್ದೆ, ಇಡೀ ಕ್ಲಾಸು ನಕ್ತು, ಮೇಷ್ಟ್ರೂ ನಕ್ಕರು, ಕೆ ಸೈಲೆಂಟು ಕಣೋ ಅಂದ್ರು. ಯಾಕೆ ಸೈಲೆಂಟು ಅಂತ ಮಾತ್ರ ಹೇಳ್ಲಿಲ್ಲ. ಅದಾದ್ಮೇಲೆ ಪಿಯುಸಿವರೆಗೂ ಇಂಗ್ಲಿಷ್ ಪಾಠ ಗಟ್ಟಿಯಾಗಿ ಓದು ಅಂದ್ರೆ ನಂಗೆ ಗಂಟಲು ಕಟ್ತಿತ್ತು, ಮುಂದಿನ ಸಾಲಲ್ಲಿ ಯಾವ ಅಕ್ಷರ ಬಾಯಿ ಮುಚ್ಕೊಂಡು ಕೂತಿದ್ಯೋ ಏನೋ ಅನ್ನೋ ಭಯ.

ಎಷ್ಟೋ ವರ್ಷ ಆದ್ಮೇಲೆ ಗೊತ್ತಾಗಿದ್ದು, ನಾನು ಓದಿದ್ದು ತಪ್ಪಲ್ಲ, ಹಳೇದು ಅಷ್ಟೇ. 600 ವರ್ಷದ ಹಿಂದೆ ಲಂಡನ್ ಬೀದಿಲಿ ಚಾಕು ಮಾರೋನು ಅದನ್ನ "ಕ್ನೀಫ್" ಅಂತಾನೇ ಕರೀತಿದ್ದ. ಕೆ ನೂ ಕೇಳಿಸ್ತಿತ್ತು, ಎನ್ ನೂ ಕೇಳಿಸ್ತಿತ್ತು. ನೈಟ್ ಅಂತೀವಲ್ಲ, ಕುದುರೆ ಮೇಲಿನ ಯೋಧ, ಕೆ ಎನ್ ಐ ಜಿ ಎಚ್ ಟಿ, ಅದು "ಕ್ನಿಖ್ಟ್" ಅನ್ನೋ ಥರ ಇತ್ತು, ಆ ಜಿ ಎಚ್ ಅನ್ನೋದು ಗಂಟಲಿಂದ ಉಜ್ಜಿ ಬರೋ ಒಂದು ಸದ್ದು. 17ನೇ ಶತಮಾನದ ಹೊತ್ತಿಗೆ ನಾಲಿಗೆ ಈ ಕೆ ನ ಬಿಡ್ತಾ ಬಂತು, ಕಾಗದ ಬಿಡ್ಲಿಲ್ಲ. ಜರ್ಮನ್ನರು ಮಂಡಿಗೆ ಇವತ್ತಿಗೂ "ಕ್ನೀ" ಅಂತಾನೇ ಅಂತಾರೆ, ಅಲ್ಲಿ ಯಾರೂ ನಗಲ್ಲ.

ನಂಗೆ ಮೈ ಜುಂ ಅಂದಿದ್ದು ಇನ್ನೊಂದು ವಿಷಯಕ್ಕೆ. ಈ ನೀ ಅನ್ನೋ ಪದ ಇದ್ಯಲ್ಲ, ಅದೂ ಸಂಸ್ಕೃತದ ಜಾನು ಅನ್ನೋದೂ ಒಂದೇ ಮೂಲದಿಂದ ಬಂದಿರೋವು. ಹಾಗೇನೇ ಗೊತ್ತು ಅನ್ನೋ ಅರ್ಥದ ನೋ, ಕೆ ಎನ್ ಓ ಡಬ್ಲ್ಯೂ, ಅದು ನಮ್ಮ ಜ್ಞಾನದ ಜ್ಞ ಗೆ ದೂರದ ನೆಂಟ. ಇಂಗ್ಲಿಷಿನ ಕೆ ಎಲ್ಲಿದ್ಯೋ ಅಲ್ಲೇ ನಮ್ಮ ಜ ಇದೆ, ನೋಡಿ. ಆ ಜ ನೂ ನಾವೆಲ್ಲಿ ಸರಿಯಾಗಿ ಹೇಳ್ತೀವಿ, ಬರೆಯೋದು ಜ್ಞಾನ, ಬಾಯಲ್ಲಿ ಬರೋದು ಗ್ನಾನ, ನಮ್ಮೂರ ಕಡೆ ಗ್ಯಾನ. ಚಿಹ್ನೆ ಅಂತ ಬರೆದು ಚಿನ್ಹೆ ಅಂತೀವಿ. ಕನ್ನಡ ಬರೆದ ಹಾಗೇ ಓದೋ ಭಾಷೆ ಅಂತ ಹೆಮ್ಮೆಯಿಂದ ಹೇಳ್ಕೊಳ್ತೀವಿ, ಬಹುಪಾಲು ನಿಜ ಕೂಡ, ಆದ್ರೆ ಸಂಸ್ಕೃತದಿಂದ ಬಂದ ಪದಗಳಲ್ಲಿ ನಮ್ಮ ನಾಲಿಗೇನೂ ಅಕ್ಷರದ ಮಾತು ಕೇಳಲ್ಲ.

ಆದ್ರೆ ನಮ್ಮ ಸ್ವಂತ ಪದಗಳಲ್ಲಿ ನಮ್ಮೋರು ಎಂಥ ಕೆಲಸ ಮಾಡಿದಾರೆ ಅಂದ್ರೆ. ಪಂಪನ ಕಾಲದಲ್ಲಿ ಹಾಲು ಪಾಲು ಆಗಿತ್ತು, ಹೂವು ಪೂ, ಹಳ್ಳಿ ಪಳ್ಳಿ. ಬರ್ತಾ ಬರ್ತಾ ಬಾಯಲ್ಲಿ ಪ ಹೋಗಿ ಹ ಬಂತು, ಬರೆಯೋರೂ ಹ ಅಂತಾನೇ ಬರೆಯೋಕೆ ಶುರು ಮಾಡಿದ್ರು. ಱ ಮತ್ತೆ ೞ ಅಂತ ಎರಡು ಅಕ್ಷರ ಇದ್ವು, ಆರು ಅನ್ನೋದನ್ನ ಆಱು ಅಂತ, ಏಳು ಅನ್ನೋದನ್ನ ಏೞು ಅಂತ ಬರೀತಿದ್ರು. ಬಾಯಲ್ಲಿ ವ್ಯತ್ಯಾಸ ಅಳಿಸಿಹೋದ್ಮೇಲೆ ಅಕ್ಷರಗಳನ್ನೂ ಬಿಟ್ಟರು. ಇಂಗ್ಲಿಷಿನೋರ ಥರ ಹಠ ಹಿಡಿದಿದ್ರೆ ನಮ್ಮ ಮಕ್ಳು ಇವತ್ತು "ಪ ಆ ಲು ಹಾಲು" ಅಂತ ಉರು ಹೊಡೀಬೇಕಿತ್ತು.

ಅವರೂ ಬೇಕಂತ ಮಾಡಿದ್ದಲ್ಲ, ಪ್ರಿಂಟಿಂಗ್ ಬಂದಿದ್ದು ಕೆಟ್ಟ ಟೈಮಲ್ಲಿ. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್ಸ್ಟರ್‌ನಲ್ಲಿ ಇಂಗ್ಲೆಂಡಿನ ಮೊದಲ ಅಚ್ಚುಕೂಟ ಹಾಕ್ದ. ಅಚ್ಚಾದ ಪುಸ್ತಕ ಹರಡ್ತಾ ಹರಡ್ತಾ ಸ್ಪೆಲಿಂಗು ನಿಧಾನಕ್ಕೆ ಗಟ್ಟಿಯಾಗ್ತಾ ಬಂತು, ಅದೇ ಹೊತ್ತಿಗೆ ಅವರ ಸ್ವರಗಳೆಲ್ಲ ಬಾಯೊಳಗೆ ಜಾಗ ಬದಲಾಯಿಸ್ತಾ ಇದ್ವು, ಸುಮಾರು 1400ರಿಂದ 1700ರವರೆಗೆ. ಎನ್ ಎ ಎಂ ಇ ಅನ್ನೋದು ಅದಕ್ಕೆ ಮುಂಚೆ "ನಾಮ" ಅನ್ನೋ ಹಾಗೇ ಇತ್ತು, ಕೊನೇ ಇ ಗೂ ಒಂದು ಸಣ್ಣ ಉಸಿರಿತ್ತು, ಅದು ನೇಮ್ ಆಗಿದ್ದು ಆಮೇಲೆ. (ಹೌದು, ನಮ್ಮ ನಾಮಕರಣದ ನಾಮಕ್ಕೂ ಅದು ಸಂಬಂಧಾನೇ.) ಟೈಮ್ ಆಗ "ಟೀಮ" ಆಗಿತ್ತು. ಮೂನ್ ಅನ್ನೋದು "ಮೋನ್", ಅದಕ್ಕೇ ಅದರಲ್ಲಿ ಎರಡು ಓ ಕೂತಿರೋದು. ಹೇಳೋ ರೀತಿ ಮುಂದೆ ಹೋಯ್ತು, ಸ್ಪೆಲಿಂಗು ಹಿಂದೆ ಉಳೀತು. ನಮ್ಮದು ಅಚ್ಚಿಗೆ ಬಂದಿದ್ದೇ 19ನೇ ಶತಮಾನದಲ್ಲಿ, ಅಷ್ಟು ಹೊತ್ತಿಗೆ ಪಾಲು ಹಾಲಾಗಿ ಎಷ್ಟೋ ಕಾಲ ಆಗಿತ್ತು, ಬಚಾವಾದ್ವಿ.

ಒಂದು ಗಮನಿಸಿ, ವಾಟ್ಸಾಪಲ್ಲಿ ನಾವು ಕನ್ನಡಾನ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವಾಗ ಅ ಗೆ ಎ ಒತ್ತುತೀವಿ, ಇ ಗೆ ಐ ಒತ್ತುತೀವಿ. ಯಾರೂ ಕೂರಿಸಿ ಹೇಳ್ಕೊಟ್ಟಿಲ್ಲ. ಆ ಅಕ್ಷರಗಳ ಹಳೇ ಲ್ಯಾಟಿನ್ ಉಚ್ಚಾರಣೆ ಅದೇನೇ. ಅವಕ್ಕೆ ಎ, ಐ ಅನ್ನೋ ಹೆಸರು ಬಂದಿದ್ದೇ ಈ ಸ್ವರಗಳ ಓಡಾಟದಿಂದ.

ಇಷ್ಟೆಲ್ಲಾ ಒಪ್ಕೋತೀನಿ, ಆದ್ರೆ ನಂಗೆ ಸಿಟ್ಟು ಬರೋ ಇನ್ನೊಂದು ಜಾತಿ ಅಕ್ಷರ ಇದೆ. ಸಾಲಕ್ಕೆ ಡೆಟ್ ಅಂತೀವಿ, ಡಿ ಇ ಬಿ ಟಿ. ಈ ಬಿ ನ ಇಂಗ್ಲಿಷಿನೋರು ಯಾವತ್ತೂ ಬಾಯಲ್ಲಿ ಹೇಳಿದ್ದೇ ಇಲ್ಲ. ಫ್ರೆಂಚಿಂದ ಬಂದಾಗ ಬಿ ಇರ್ಲೇ ಇಲ್ಲ, ಲ್ಯಾಟಿನ್ ಓದ್ಕೊಂಡೋರು ಇದರ ಮೂಲ ಡೆಬಿಟಂ ಅಂತ ತೋರಿಸೋಕೆ ಆಮೇಲೆ ತುರುಕಿದ್ರು. ಐಲ್ಯಾಂಡ್ ಕಥೆ ಇನ್ನೂ ಅನ್ಯಾಯ. ಅದಕ್ಕೂ ಲ್ಯಾಟಿನ್ನಿಗೂ ಸಂಬಂಧಾನೇ ಇಲ್ಲ, ಹಳೇ ಇಂಗ್ಲಿಷಿನ ಸ್ವಂತ ಪದ ಅದು, ದ್ವೀಪ ಅಂತಾನೇ ಅರ್ಥ ಇರೋ ಐಲ್ (ಐ ಎಸ್ ಎಲ್ ಇ) ಅನ್ನೋ ಬೇರೆ ಪದದ ಜೊತೆ ಕಲಸಿಹೋಗಿ ನಡುವೆ ಒಂದು ಎಸ್ ಸೇರ್ಕೊಂಡ್ತು. ಯಾವ ಕಾಲದ್ದೋ ಪಂಡಿತರ ತಪ್ಪಿಗೆ ನಮ್ಮ ಹಳ್ಳಿ ಮಕ್ಳ ಡಿಕ್ಟೇಷನ್ನಲ್ಲಿ ಮಾರ್ಕ್ಸು ಕಟ್. ಅಮೆರಿಕದ ನೋವಾ ವೆಬ್‌ಸ್ಟರ್ ತನ್ನ ಡಿಕ್ಷನರಿಗಳಲ್ಲಿ ಕಲರ್ ಇಂದ ಯು ತೆಗೆದಿದ್ದು ನಿಂತ್ಕೊಂಡ್ತು, ಟಂಗ್ ಅನ್ನೋದನ್ನ ಟಿ ಯು ಎನ್ ಜಿ ಅಂತ ಬರೀರಿ ಅಂದಿದ್ದನ್ನ ಮಾತ್ರ ಜನ ಒಪ್ಲಿಲ್ಲ.

ಇನ್ನು ಆಫನ್. ನಮ್ಮ ಕಡೆಯೋರು ಟಿ ಹೇಳಿ ಆಫ್ಟನ್ ಅಂದ್ರೆ ಆಫೀಸಲ್ಲಿ ಈಗ್ಲೂ ಮುಸಿಮುಸಿ ನಗೋರಿದಾರೆ. ಇಂಗ್ಲೆಂಡ್, ಅಮೆರಿಕದಲ್ಲಿ ಹುಟ್ಟಿ ಬೆಳೆದೋರೇ ಎಷ್ಟೋ ಜನ ಆಫ್ಟನ್ ಅಂತಾರೆ. ಒಂದ್ಸಲ ಬಿದ್ದುಹೋಗಿದ್ದ ಟಿ ನ ಅವರೂ ಸ್ಪೆಲಿಂಗ್ ನೋಡ್ಕೊಂಡೇ ವಾಪಸ್ ತಂದ್ಕೊಂಡಿದ್ದು. ಫಾಲ್ಟ್ ಅಂತೀವಲ್ಲ, ಅದರ ಎಲ್ ಕೂಡ ಡೆಟ್‌ನ ಬಿ ಥರ ತುರುಕಿದ್ದೇ, ಬರೆದಿದ್ದನ್ನ ನೋಡಿ ನೋಡಿ ಜನ ಬಾಯಲ್ಲೂ ಹೇಳೋಕೆ ಶುರು ಮಾಡಿದ್ರು. ಅಕ್ಷರ ನೋಡಿ ಓದೋ ನಮ್ಮ ಅಭ್ಯಾಸ ದಡ್ಡತನ ಆಗಿದ್ರೆ ಇದೂ ದಡ್ಡತನಾನೇ ಆಗ್ಬೇಕಲ್ವಾ.

ಇದನ್ನೆಲ್ಲಾ ಹುಡುಗನಿಗೆ ಇದೇ ಥರ ಹೇಳ್ಲಿಲ್ಲ. ಅವನ ನೋಟ್ ಬುಕ್ ತಗೊಂಡು ಎರಡು ಕಾಲಂ ಹಾಕ್ದೆ, ಒಂದ್ಕಡೆ ಹಿಂದೆ ಹೇಳ್ತಿದ್ದ ಅಕ್ಷರ, ಇನ್ನೊಂದ್ಕಡೆ ಯಾವತ್ತೂ ಹೇಳದೇ ಇದ್ದ ಅಕ್ಷರ. ನೈಫಿನ ಕೆ ಎಡಗಡೆ, ಡೆಟ್‌ನ ಬಿ ಬಲಗಡೆ. ಅವನು ಪುಸ್ತಕದ ಹಿಂದಿನ ಪದಪಟ್ಟಿ ತೆಗೆದು ಒಂದೊಂದೇ ಕೇಳೋಕೆ ಶುರು ಮಾಡ್ದ.

"ವಾಕ್ ಮಾಮ? ಡಬ್ಲ್ಯೂ ಎ ಎಲ್ ಕೆ, ಎಲ್ ಹೇಳ್ತಿದ್ರಾ?"

"ಹೇಳ್ತಿದ್ರು."

ಎಡಗಡೆ ಬರ್ಕೊಂಡ. ಬರೆದು ಪೆನ್ಸಿಲ್ ಕೆಳಗಿಟ್ಟು, ಅಡುಗೆಮನೆ ಕಡೆ ತಿರುಗಿ ಅವರಮ್ಮನಿಗೆ ಕೇಳೋ ಹಾಗೆ ಜೋರಾಗಿ "ವಾಲ್ಕ್" ಅಂತ ಓದ್ದ.