ಕಿರಿದಾದ ಪರದೆಯಲ್ಲಿ ಮಾರಿಯೊ: ‘ಡಿಲಕ್ಸ್’ ಆವೃತ್ತಿಯನ್ನು ಮತ್ತೆ ಆಡಿದ ಮೇಲೆ

ನಿಂಟೆಂಡೊ ಸಂಸ್ಥೆ 1985ರ ಸೆಪ್ಟೆಂಬರ್‌ನಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ ‘ಸೂಪರ್ ಮಾರಿಯೊ ಬ್ರದರ್ಸ್’ ಆಟವು 1999ರಲ್ಲಿ ಗೇಮ್ ಬಾಯ್ ಕಲರ್ ಎಂಬ ಅಂಗೈಯಗಲದ ಯಂತ್ರಕ್ಕೆ ‘ಸೂಪರ್ ಮಾರಿಯೊ ಬ್ರದರ್ಸ್ ಡಿಲಕ್ಸ್’ ಎಂಬ ಹೆಸರಿನಲ್ಲಿ ಬಂದಿತು. ಈ ಮಳೆಗಾಲದಲ್ಲಿ ನಾನು ಆ ಆವೃತ್ತಿಯನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ಆಡಿದೆ. ನನ್ನ ಬಳಿ ಇರುವ ನಿಂಟೆಂಡೊ 3ಡಿಎಸ್ ಎಂಬ ಕಿರುಯಂತ್ರದಲ್ಲಿ ಮೂಲ ಆಟವೂ ಇರುವುದರಿಂದ, ಒಂದೊಂದು ಹಂತವನ್ನೂ ಎರಡೂ ಆವೃತ್ತಿಗಳಲ್ಲಿ ಆಡಿ ಹೋಲಿಸಿ ನೋಡುವುದು ಸಾಧ್ಯವಾಯಿತು. ಡಿಲಕ್ಸ್ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ಮಾತು ಒಂದೇ: ಪರದೆ ಚಿಕ್ಕದು, ಆದ್ದರಿಂದ ಆಟ ಕಷ್ಟ. ಮಾತು ನಿಜ. ಆದರೆ ಪರದೆ ಚಿಕ್ಕದಾದಾಗ ಆಟದ ಒಳಗೆ ಏನೇನು ಬದಲಾಗುತ್ತದೆ, ಆ ನಷ್ಟವನ್ನು ತಯಾರಕರು ಎಲ್ಲಿ ತುಂಬಿಕೊಟ್ಟರು, ಎಲ್ಲಿ ಹಾಗೆಯೇ ಬಿಟ್ಟರು ಎಂಬುದನ್ನು ಬಿಡಿಸಿ ನೋಡಿದಾಗ ಮಾತ್ರ ಈ ಪೋರ್ಟ್‌ನ (ಬೇರೆ ಯಂತ್ರಕ್ಕೆ ಹೊಂದಿಸಿದ ಆವೃತ್ತಿಯ) ನಿಜವಾದ ಬೆಲೆ ತಿಳಿಯುತ್ತದೆ.

ನನ್ನ ವಯಸ್ಸಿನ ಕನ್ನಡಿಗರಲ್ಲಿ ಬಹಳ ಮಂದಿ ಮಾರಿಯೊನನ್ನು ಕಂಡದ್ದು ನಿಂಟೆಂಡೊ ಹೆಸರಿನ ಯಂತ್ರದಲ್ಲಲ್ಲ. ತೊಂಬತ್ತರ ದಶಕದಲ್ಲಿ ಅಂಗಡಿಗಳಲ್ಲಿ ‘ಟಿವಿ ಗೇಮ್’ ಎಂದು ಮಾರಾಟವಾಗುತ್ತಿದ್ದ, ಫ್ಯಾಮಿಕಾಮ್‌ನ (ಈ ಆಟ ಮೊದಲು ಬಂದ, ಟಿವಿಗೆ ಜೋಡಿಸುವ ನಿಂಟೆಂಡೊ ಯಂತ್ರ) ನಕಲು ಯಂತ್ರಗಳಲ್ಲಿ, ನಾವೆಲ್ಲ ‘ಕ್ಯಾಸೆಟ್’ ಎಂದೇ ಕರೆಯುತ್ತಿದ್ದ ಕಾರ್ಟ್ರಿಜ್‌ಗಳಲ್ಲಿ, ಕಾಂಟ್ರಾ ಮತ್ತು ಡಕ್ ಹಂಟ್‌ಗಳ ಜೊತೆಗೆ ಈ ಆಟವೂ ಇರುತ್ತಿತ್ತು. ಹಾಗಾಗಿ ಮೂಲ ಆಟದ ನಕ್ಷೆ ನಮ್ಮ ತಲೆಯಲ್ಲಿ ಟಿವಿ ಪರದೆಯ ಅಗಲದಲ್ಲಿಯೇ ಅಚ್ಚಾಗಿದೆ. ಡಿಲಕ್ಸ್ ಆಡುವಾಗ ಅಂಥವರ ಅನುಭವಕ್ಕೂ ಹೊಸಬರ ಅನುಭವಕ್ಕೂ ಇರುವ ಅಂತರ ದೊಡ್ಡದು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಅಳತೆಯ ಲೆಕ್ಕ. ಮೂಲ ಯಂತ್ರದ ಚಿತ್ರ 256 ಪಿಕ್ಸೆಲ್ ಅಗಲ, 240 ಪಿಕ್ಸೆಲ್ ಎತ್ತರ. ಗೇಮ್ ಬಾಯ್ ಕಲರ್‌ನದು 160 ಅಗಲ, 144 ಎತ್ತರ. ಅಂದರೆ ಒಟ್ಟು ವಿಸ್ತೀರ್ಣದಲ್ಲಿ ಶೇ. 37.5ರಷ್ಟು ಮಾತ್ರ ಉಳಿಯುತ್ತದೆ. ಚಿತ್ರವನ್ನೇ ಕುಗ್ಗಿಸಿ ಪೂರ್ತಿ ನೋಟವನ್ನು ಕೂರಿಸಬಹುದಿತ್ತಲ್ಲ ಎಂದು ಕೇಳಬಹುದು. ಚಿಕ್ಕ ಮಾರಿಯೊ ಇಡೀ ಹದಿನಾರು ಪಿಕ್ಸೆಲ್‌ಗಳ ಚೌಕದೊಳಗಿನ ಚಿತ್ರ. ಅದರಲ್ಲಿ ಟೋಪಿ, ಮೀಸೆ, ಕೈಕಾಲು ಎಲ್ಲವೂ ಇವೆ. ಅದನ್ನು ಹತ್ತು ಪಿಕ್ಸೆಲ್‌ಗೆ ಇಳಿಸಿದರೆ ಮೀಸೆ ಯಾವುದು ಮೂಗು ಯಾವುದು ಎಂದು ತಿಳಿಯದಂತಾಗುತ್ತದೆ, ಜಿಗಿತದ ಅಂದಾಜೂ ಕೆಡುತ್ತದೆ. ಆದ್ದರಿಂದ ಚಿತ್ರಗಳನ್ನು ಮೂಲ ಗಾತ್ರದಲ್ಲಿಯೇ ಇಟ್ಟು, ಕಿಟಕಿಯನ್ನು ಕಿರಿದು ಮಾಡಿದರು. ಇದು ಸರಿಯಾದ ಆಯ್ಕೆ ಎಂದೇ ನನ್ನ ಅಭಿಪ್ರಾಯ. ಓಟದ ವೇಗ, ಜಿಗಿತದ ಎತ್ತರ, ನಿಲ್ಲುವ ಮುನ್ನ ಕಾಲು ಜಾರುವ ಆ ಒಂದಿಷ್ಟು ದೂರ, ಎಲ್ಲವೂ ಬೆರಳುಗಳಿಗೆ ಹಳೆಯ ಆಟದಂತೆಯೇ ಸಿಗುತ್ತವೆ. ಎರಡೂ ಯಂತ್ರಗಳ ಪ್ರೊಸೆಸರ್‌ಗಳು ಬೇರೆ ಬೇರೆ ಕುಲದವು. ಒಂದರ ಪ್ರೋಗ್ರಾಮ್ ಇನ್ನೊಂದರಲ್ಲಿ ಹಾಗೆಯೇ ಓಡುವುದಿಲ್ಲವಾದ್ದರಿಂದ ಈ ಸಾಮ್ಯವನ್ನು ಹೊಸದಾಗಿ ಬರೆದೇ ಸಾಧಿಸಬೇಕಿತ್ತು. ಸಾಧಿಸಿದ್ದಾರೆ.

ಈಗ ಎತ್ತರದ ಸಮಸ್ಯೆ. ಈ ಆಟದ ಜಗತ್ತು ಹದಿನಾರು ಪಿಕ್ಸೆಲ್ ಚೌಕದ ಕಲ್ಲುಗಳಿಂದ ಕಟ್ಟಿದ್ದು. ನೆಲ ಎರಡು ಕಲ್ಲಿನಷ್ಟು ದಪ್ಪ. ಅದರ ಮೇಲೆ ನಾಲ್ಕನೆಯ ಸಾಲಿನಲ್ಲಿ ಕೆಳಗಿನ ಇಟ್ಟಿಗೆಗಳು, ಎಂಟನೆಯ ಸಾಲಿನಲ್ಲಿ ಮೇಲಿನ ಇಟ್ಟಿಗೆಗಳು. ಹೆಚ್ಚಿನ ಹಂತಗಳು ಈ ನಾಲ್ಕು–ಎಂಟರ ಲಯದಲ್ಲಿಯೇ ನಡೆಯುತ್ತವೆ. ಗೇಮ್ ಬಾಯ್ ಕಲರ್ ಪರದೆಯ ಎತ್ತರ ಒಟ್ಟು ಒಂಬತ್ತು ಕಲ್ಲು. ನೆಲಕ್ಕೆ ಎರಡು ಹೋದರೆ ಮೇಲೆ ಉಳಿಯುವುದು ಏಳು. ಎಂಟನೆಯ ಸಾಲು ಕಣ್ಣಿಗೆ ಬೀಳುವುದಿಲ್ಲ. ಮಾರಿಯೊ ಮೇಲೇರಿದಂತೆ ಪರದೆಯೂ ಮೇಲಕ್ಕೆ ಸರಿಯುತ್ತದೆ, ನಿಂತಲ್ಲಿಂದಲೇ ದಿಕ್ಕಿನ ಗುಂಡಿಯನ್ನು ಮೇಲಕ್ಕೋ ಕೆಳಕ್ಕೋ ಒತ್ತಿ ಇಣುಕಿ ನೋಡುವ ಅನುಕೂಲವನ್ನೂ ಕೊಟ್ಟಿದ್ದಾರೆ. ಆದರೆ ಇಣುಕಲು ನಿಲ್ಲಬೇಕು, ನಿಲ್ಲಲು ಸಮಯ ಬೇಕು. 8-3ರಲ್ಲಿ, ಅಂದರೆ ಎಂಟನೆಯ ಲೋಕದ ಮೂರನೆಯ ಹಂತದಲ್ಲಿ, ಸುತ್ತಿಗೆ ಎಸೆಯುವ ಜೋಡಿ ಕೆಳಗಿನ ಸಾಲಿಗೂ ಮೇಲಿನ ಸಾಲಿಗೂ ಹಾರಾಡುವಾಗ ಆ ಸಮಯ ಯಾರಿಗಿದೆ? ಮೂಲ ಆಟದಲ್ಲಿ ಇಬ್ಬರೂ ಎಲ್ಲಿದ್ದಾರೆಂದು ನೋಡಿ, ಇಬ್ಬರ ನಡುವಿನ ಬಿಡುವನ್ನು ಆರಿಸಿಕೊಳ್ಳುತ್ತೇವೆ. ಇಲ್ಲಿ ಒಬ್ಬ ಕಾಣುತ್ತಾನೆ, ಇನ್ನೊಬ್ಬನ ಸುತ್ತಿಗೆ ಮಾತ್ರ ಕಾಣುತ್ತದೆ. 4-1, 6-1, 8-2ರಲ್ಲಿ ಮೋಡದ ಮೇಲೆ ಕುಳಿತು ಮುಳ್ಳಿನ ಪ್ರಾಣಿಗಳನ್ನು ಎಸೆಯುವ ಲಕಿಟುವಿನದೂ ಇದೇ ಕಥೆ.

ಅಗಲದ ಸಮಸ್ಯೆ ಇನ್ನೂ ಸೂಕ್ಷ್ಮವಾದದ್ದು, ಏಕೆಂದರೆ ಅಲ್ಲಿ ಕಳೆದುಹೋಗುವುದು ಸಮಯ. ಪೂರ್ಣ ವೇಗದಲ್ಲಿ ಓಡುವ ಮಾರಿಯೊ ಒಂದು ಫ್ರೇಮ್‌ಗೆ (ಸೆಕೆಂಡಿಗೆ ಸುಮಾರು ಅರವತ್ತು ಬಾರಿ ಬದಲಾಗುವ ಚಿತ್ರಕ್ಕೆ) ಎರಡೂವರೆ ಪಿಕ್ಸೆಲ್, ಅಂದರೆ ಸೆಕೆಂಡಿಗೆ ಸುಮಾರು 150 ಪಿಕ್ಸೆಲ್ ಮುಂದಕ್ಕೆ ಹೋಗುತ್ತಾನೆ. ಟಿವಿಯಲ್ಲಿ ಅವನು ನಡುವಿಗಿಂತ ಕೊಂಚ ಎಡಕ್ಕೆ ಇರುವುದರಿಂದ ಅವನ ಮುಂದೆ ಹೆಚ್ಚುಕಡಿಮೆ ಒಂದು ಸೆಕೆಂಡಿನ ದಾರಿ ಕಾಣುತ್ತದೆ. ಕಿರಿದಾದ ಪರದೆಯಲ್ಲಿ ಅದು ಅರ್ಧ ಸೆಕೆಂಡಿನ ಆಸುಪಾಸಿಗೆ ಇಳಿಯುತ್ತದೆ. ಬಲಗಡೆಯಿಂದ ಎದುರಿಗೇ ಹಾರಿಬರುವ ಗುಂಡುಗಳಿಗೆ, ಆಟದ ಖಳನಾಯಕ ಬೌಸರ್ ಇನ್ನೂ ಕಾಣದಿರುವಾಗಲೇ ಅವನ ಕೋಟೆಯಲ್ಲಿ ತೇಲಿಬರುವ ಬೆಂಕಿಯ ನಾಲಗೆಗಳಿಗೆ ಎರಡೂ ಕಡೆಯ ವೇಗ ಸೇರುವುದರಿಂದ ಇನ್ನೂ ಕಡಿಮೆ. ಕಣ್ಣು ನೋಡಿ, ಮನಸ್ಸು ತೀರ್ಮಾನಿಸಿ, ಬೆರಳು ಒತ್ತುವಷ್ಟರಲ್ಲಿ ಆ ಅವಧಿ ಮುಗಿದಿರುತ್ತದೆ.

ಇದರ ಪರಿಣಾಮ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಮೊದಲ ಹಂತದ ಮೊದಲ ಕ್ಷಣಗಳಲ್ಲಿ. ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ರೂಪಿಸಿದ 1-1, ಒಂದು ಅಕ್ಷರವನ್ನೂ ಬಳಸದೆ ಆಟವನ್ನು ಕಲಿಸುವ ಹಂತ ಎಂದು ಹೆಸರಾಗಿದೆ. ಪ್ರಶ್ನೆ ಚಿಹ್ನೆಯ ಕಲ್ಲಿಗೆ ಗುದ್ದಿದಾಗ ಅಣಬೆ ಹೊರಬಂದು ಬಲಕ್ಕೆ ಸರಿಯುತ್ತದೆ, ಹಸಿರು ಪೈಪ್‌ಗೆ ತಗುಲಿ ಹಿಂದಿರುಗುತ್ತದೆ, ಬೇಡವೆಂದು ಓಡಿಹೋಗಲು ನೋಡುವವನಿಗೂ ತಗುಲಿ ಅವನನ್ನು ದೊಡ್ಡವನನ್ನಾಗಿ ಮಾಡುತ್ತದೆ. ಆ ಕಲ್ಲಿಗೂ ಪೈಪ್‌ಗೂ ನಡುವೆ ಏಳು ಕಲ್ಲಿನ ದೂರ. ಟಿವಿಯಲ್ಲಿ ಕಲ್ಲು, ಅಣಬೆ, ಪೈಪ್ ಮೂರೂ ಒಂದೇ ನೋಟದಲ್ಲಿ ಸಿಗುವುದರಿಂದ ಕಾರಣ ಮತ್ತು ಪರಿಣಾಮ ತಾವಾಗಿಯೇ ಅರ್ಥವಾಗುತ್ತವೆ. ಒಟ್ಟು ಅಗಲವೇ ಹತ್ತು ಕಲ್ಲಾಗಿರುವ ಪರದೆಯಲ್ಲಿ ಅಣಬೆ ಅಂಚಿನ ಆಚೆಗೆ ಹೋಗಿ, ಯಾಕೆಂದು ತಿಳಿಯದೆ ಹಿಂದಕ್ಕೆ ಬರುತ್ತದೆ. ಅದೇ ಗುಂಪಿನ ಮೇಲೆ ಎಂಟನೆಯ ಸಾಲಿನಲ್ಲಿ ಒಂಟಿಯಾಗಿ ನಿಂತಿರುವ ಪ್ರಶ್ನೆಕಲ್ಲು ನೆಲದ ಮೇಲಿರುವವನಿಗೆ ಕಾಣುವುದೇ ಇಲ್ಲ. ಆಟವನ್ನು ಮೊದಲೇ ಬಲ್ಲವನ ಕೈ ಈ ಕೊರತೆಯನ್ನು ನೆನಪಿನಿಂದ ತುಂಬಿಕೊಳ್ಳುತ್ತದೆ. ಹೊಸಬನ ಪಾಲಿಗೆ ಇದು ಅನ್ಯಾಯ. 1999ರಲ್ಲಿ ಮಾರಿಯೊನನ್ನು ಮೊದಲ ಬಾರಿ ಈ ಯಂತ್ರದಲ್ಲೇ ಕಂಡ ಮಕ್ಕಳು ಅಷ್ಟು ಅಂದವಾಗಿ ಕಟ್ಟಿದ ಒಂದು ಪಾಠವನ್ನು ಅರ್ಧ ಮಾತ್ರ ಪಡೆದರು ಎನ್ನುವುದು ನನಗೆ ನಿಜವಾಗಿಯೂ ಬೇಸರದ ಸಂಗತಿ.

ಇಷ್ಟು ಹೇಳಿದ ಮೇಲೂ ಈ ಆವೃತ್ತಿಯನ್ನು ನಾನು ಇಷ್ಟೊಂದು ಮೆಚ್ಚುವುದಕ್ಕೆ ಕಾರಣ ಅದರ ‘ಚಾಲೆಂಜ್’ ವಿಭಾಗ. ಇಲ್ಲಿ ಮೂವತ್ತೆರಡು ಹಂತಗಳೂ ಮತ್ತೆ ಬರುತ್ತವೆ. ಪ್ರತಿಯೊಂದರಲ್ಲೂ ಐದು ಕೆಂಪು ನಾಣ್ಯಗಳನ್ನು ಮತ್ತು ಬಚ್ಚಿಟ್ಟ ಒಂದು ಯೋಶಿ (ಮಾರಿಯೊ ಆಟಗಳ ಡೈನೋಸಾರ್) ಮೊಟ್ಟೆಯನ್ನು ಹುಡುಕಬೇಕು, ಜೊತೆಗೆ ನಿಗದಿತ ಅಂಕವನ್ನೂ ದಾಟಬೇಕು. ಒಟ್ಟು 160 ನಾಣ್ಯ, 32 ಮೊಟ್ಟೆ. ಹೇಳುವಾಗ ಇದು ಹಳೆಯ ಆಟಕ್ಕೆ ಅಂಟಿಸಿದ ಹೆಚ್ಚುವರಿ ಕೆಲಸದಂತೆ ಕೇಳಿಸುತ್ತದೆ. ಆಡುವಾಗ ಮಾತ್ರ ಆಟದ ಸ್ವಭಾವವೇ ಬದಲಾಗುತ್ತದೆ. ಮೂಲ ಆಟ ಓಡು ಎನ್ನುತ್ತದೆ. ಗಡಿಯಾರ ಇಳಿಯುತ್ತಿರುತ್ತದೆ, ಪರದೆ ಹಿಂದಕ್ಕೆ ಸರಿಯುವುದಿಲ್ಲ. ಚಾಲೆಂಜ್ ನಿಲ್ಲು, ಮೇಲೆ ನೋಡು, ಆ ಇಟ್ಟಿಗೆಯನ್ನು ಯಾಕೆ ಇಲ್ಲಿಟ್ಟಿದ್ದಾರೆ ಎಂದು ಕೇಳು ಎನ್ನುತ್ತದೆ. ಓಟದಲ್ಲಿ ಶತ್ರುವಾಗಿದ್ದ ಕಿರಿದಾದ ಪರದೆ ಹುಡುಕಾಟದಲ್ಲಿ ಜೊತೆಗಾರನಾಗುತ್ತದೆ, ಏಕೆಂದರೆ ಒಂದೇ ನೋಟಕ್ಕೆ ಎಲ್ಲವೂ ಸಿಕ್ಕಿಬಿಟ್ಟರೆ ಹುಡುಕುವುದಕ್ಕೆ ಏನು ಉಳಿಯುತ್ತದೆ? ಮೇಲೆ ಇಣುಕುವ ಗುಂಡಿ ಮೂಲ ವಿಭಾಗದಲ್ಲಿ ತೇಪೆಯಂತೆ ಕಂಡರೆ ಇಲ್ಲಿ ಅದೇ ಮುಖ್ಯ ಸಾಧನ. ನೂರಾರು ಸಲ ಓಡಿ ದಾಟಿದ ದಾರಿಗಳಲ್ಲಿ ನಾನು ಎಂದೂ ಹತ್ತದ ಇಟ್ಟಿಗೆಗಳಿದ್ದವು, ಎಂದೂ ಒಡೆಯದ ಮೂಲೆಗಳಿದ್ದವು. ತಯಾರಕರು ಹಳೆಯ ಹಂತಗಳನ್ನು ಎಷ್ಟು ಹತ್ತಿರದಿಂದ ಓದಿದ್ದರು ಎನ್ನುವುದಕ್ಕೆ ಆ ನಾಣ್ಯಗಳ ಜಾಗಗಳೇ ಸಾಕ್ಷಿ.

ಬೂ ಎಂಬ ದೆವ್ವದ ವಿರುದ್ಧ ಓಡುವ ಪಂದ್ಯವೂ ಇದೆ, ಡಿಲಕ್ಸ್‌ನ ಮೂಲ ವಿಭಾಗದಲ್ಲಿ 1 ಲಕ್ಷ ಅಂಕ ಗಳಿಸಿದರೆ ತೆರೆದುಕೊಳ್ಳುತ್ತದೆ. ದೆವ್ವ ಗೋಡೆಗಳ ಮೂಲಕವೇ ಹಾದುಹೋಗುತ್ತದೆ, ನಾವು ಸುತ್ತಿ ಬಳಸಿ ಹೋಗಬೇಕು. ಕೇಬಲ್ ಜೋಡಿಸಿ ಗೆಳೆಯನೊಂದಿಗೂ ಓಡಬಹುದಿತ್ತು. 3ಡಿಎಸ್‌ನಲ್ಲಿ ಆ ಸೌಲಭ್ಯ ಇಲ್ಲ. ಕ್ಯಾಲೆಂಡರ್, ಭವಿಷ್ಯ ಹೇಳುವ ಆಟ, ಗೇಮ್ ಬಾಯ್ ಪ್ರಿಂಟರ್‌ನಲ್ಲಿ ಅಚ್ಚು ಹಾಕುವ ಚಿತ್ರಗಳು ಮುಂತಾದವು ಆ ಕಾಲದ ಮಕ್ಕಳಿಗೆ ಖುಷಿ ಕೊಟ್ಟಿರಬೇಕು. ಇವುಗಳಿಗಿಂತ ಮುಖ್ಯವಾದದ್ದು ಆಟವನ್ನು ಉಳಿಸಿಡುವ ವ್ಯವಸ್ಥೆ. ಮೂಲದಲ್ಲಿ ವಿದ್ಯುತ್ ಹೋದರೆ ಎಲ್ಲವೂ ಹೋದಂತೆ, ಮತ್ತೆ 1-1ರಿಂದಲೇ ಆರಂಭ. ಬಸ್ಸಿನಲ್ಲಿ, ಊಟದ ಬಿಡುವಿನಲ್ಲಿ ಕೈಯಲ್ಲಿ ಹಿಡಿದು ಆಡುವ ಆಟಕ್ಕೆ ಇದೊಂದು ಇಲ್ಲದಿದ್ದರೆ ಉಳಿದದ್ದೆಲ್ಲ ಇದ್ದೂ ಪ್ರಯೋಜನವಿರುತ್ತಿರಲಿಲ್ಲ.

3 ಲಕ್ಷ ಅಂಕ ದಾಟಿದವರಿಗೆ ‘ಫಾರ್ ಸೂಪರ್ ಪ್ಲೇಯರ್ಸ್’ ಎಂಬ ಇಡೀ ಇನ್ನೊಂದು ಆಟವೇ ತೆರೆದುಕೊಳ್ಳುತ್ತದೆ. ಇದು 1986ರಲ್ಲಿ ಜಪಾನಿನಲ್ಲಿ ಮಾತ್ರ ಬಂದಿದ್ದ ಎರಡನೆಯ ಭಾಗ. ಹೊರಗಿನವರಿಗೆ 1993ರ ‘ಸೂಪರ್ ಮಾರಿಯೊ ಆಲ್-ಸ್ಟಾರ್ಸ್’ ಸಂಗ್ರಹದಲ್ಲಿ ‘ದಿ ಲಾಸ್ಟ್ ಲೆವೆಲ್ಸ್’ ಎಂಬ ಹೆಸರಿನಲ್ಲಿ ಸಿಕ್ಕಿತು. ಇಷ್ಟು ದೊಡ್ಡ ಕೊಡುಗೆಯನ್ನು ಯಾವ ಸದ್ದೂ ಇಲ್ಲದೆ ಸೇರಿಸಿದ್ದು ಔದಾರ್ಯವೇ. ಆದರೆ ಡಿಲಕ್ಸ್ ನನ್ನನ್ನು ನಿರಾಶೆಗೊಳಿಸುವ ಜಾಗವೂ ಇದೇ. ಜಿಗಿತವನ್ನು ದೂರಕ್ಕೆ ತಳ್ಳುವ ಗಾಳಿ ಇಲ್ಲಿಲ್ಲ, ಅದಕ್ಕೆ ತಕ್ಕಂತೆ ಹಂತಗಳನ್ನು ಬದಲಿಸಿದ್ದಾರೆ. ಎತ್ತರಕ್ಕೆ ಹಾರಿ ದೂರಕ್ಕೆ ಜಾರುತ್ತಿದ್ದ ಮಾರಿಯೊನ ತಮ್ಮ ಲುಯಿಜಿ ಇಲ್ಲಿ ಮಾರಿಯೊನಂತೆಯೇ ಜಿಗಿಯುತ್ತಾನೆ. ಒಂಬತ್ತನೆಯ ಲೋಕವೂ ‘ಎ’ಯಿಂದ ‘ಡಿ’ವರೆಗಿನ ಲೋಕಗಳೂ ಇಲ್ಲ. ಜಿಗಿಯುವ ಮುನ್ನ ಇಳಿಯುವ ಜಾಗವನ್ನು ಕಣ್ಣಿಂದ ಅಳೆಯಲೇಬೇಕಾದ ಈ ಆಟಕ್ಕೆ ಕಿರಿದಾದ ಪರದೆ ಎಲ್ಲಕ್ಕಿಂತ ಹೆಚ್ಚು ಹೊಡೆತ ಕೊಡುತ್ತದೆ. ಇದಕ್ಕೆ ಚಾಲೆಂಜ್ ವಿಭಾಗವನ್ನೂ ಕೊಟ್ಟಿಲ್ಲ. ಹಾಗಾಗಿ ಕಳೆದುಕೊಂಡದ್ದರ ಬದಲಿಗೆ ಇಲ್ಲಿ ಏನೂ ಸಿಗುವುದಿಲ್ಲ.

ಸಂಗೀತದ ಬಗ್ಗೆ ದೂರಿಲ್ಲ. ಕೋಜಿ ಕೊಂಡೊ ಅವರ ಮೂಲ ರಚನೆ ಬಳಸಿದ್ದು ನಾಲ್ಕು ದನಿಗಳನ್ನು: ಎರಡು ಚೌಕ ಅಲೆ, ಒಂದು ತ್ರಿಕೋನ ಅಲೆ, ತಾಳಕ್ಕೆ ಒಂದು ಗದ್ದಲದ ದನಿ. ಗೇಮ್ ಬಾಯ್ ಕಲರ್‌ನಲ್ಲಿಯೂ ಎರಡು ಚೌಕ ಅಲೆ, ಬೇಕಾದ ಆಕಾರ ಕೊಡಬಹುದಾದ ಒಂದು ಅಲೆ, ಒಂದು ಗದ್ದಲದ ದನಿ ಇರುವುದರಿಂದ ಹಾಡುಗಳು ಬಹುಪಾಲು ಹಾಗೆಯೇ ಬಂದಿವೆ. ನೀರಿನೊಳಗಿನ ಹಂತದ ಆ ಮೂರು ಮಾತ್ರೆಯ ತೂಗು ಹೆಡ್‌ಫೋನ್‌ನಲ್ಲಿ ಕೇಳಲು ಬಹಳ ಚೆನ್ನ.

ಅನಂತರ ಬಂದ ಕಿರುಯಂತ್ರಗಳ ಆವೃತ್ತಿಗಳನ್ನೂ ನೋಡಬೇಕು. 2004ರಲ್ಲಿ ಗೇಮ್ ಬಾಯ್ ಅಡ್ವಾನ್ಸ್‌ಗೆ ಬಂದದ್ದು ಬೇರೆ ದಾರಿ ಹಿಡಿಯಿತು. ಆ ಪರದೆ 240 ಅಗಲ, 160 ಎತ್ತರ. ನೋಟವನ್ನು ಹೆಚ್ಚು ಕತ್ತರಿಸದೆ ಚಿತ್ರವನ್ನೇ ಮೇಲಿಂದ ಕೆಳಕ್ಕೆ ಅಮುಕಿದರು. ಹೆಚ್ಚುಕಡಿಮೆ ಎಲ್ಲವೂ ಕಾಣುತ್ತದೆ, ಮಾರಿಯೊ ಮಾತ್ರ ಕುಳ್ಳನಾಗಿದ್ದಾನೆ. 2020ರಲ್ಲಿ, ಆಟದ 35ನೆಯ ವರ್ಷಕ್ಕೆ ತಂದ ‘ಗೇಮ್ ಅಂಡ್ ವಾಚ್’ ಯಂತ್ರದಲ್ಲಿ ಮೂಲವೂ ‘ಲಾಸ್ಟ್ ಲೆವೆಲ್ಸ್’ ಕೂಡ ಪೂರ್ತಿ ನೋಟದಲ್ಲಿಯೇ ಇವೆ. ಇವೆರಡೂ ಮೂಲವನ್ನು ಹಾಗೆಯೇ ಒಪ್ಪಿಸುವ ಪ್ರಯತ್ನಗಳು, ಆ ಕೆಲಸದಲ್ಲಿ ಡಿಲಕ್ಸ್‌ಗಿಂತ ಮುಂದಿವೆ. ಹಳೆಯ ಹಂತಗಳಿಗೆ ಹೊಸ ಪ್ರಶ್ನೆಯನ್ನು ಕೇಳಿದ್ದು ಮಾತ್ರ ಡಿಲಕ್ಸ್ ಒಂದೇ.

ಆದ್ದರಿಂದಲೇ ಇದು ಸುಲಭವಾಗಿ ಸಿಗುವಂತಿರಬೇಕಿತ್ತು ಎಂಬ ಕಳವಳ ನನಗಿದೆ. ಹಳೆಯ ಕಾರ್ಟ್ರಿಜ್‌ಗಳು ಆಟವನ್ನು ಉಳಿಸಿಡುವುದು ಒಳಗಿನ ಒಂದು ಪುಟ್ಟ ಬಟನ್ ಸೆಲ್‌ನ ಬಲದಿಂದ. ಸೆಲ್ ಸತ್ತರೆ ಸಂಗ್ರಹಿಸಿದ ನಾಣ್ಯ, ಮೊಟ್ಟೆ ಎಲ್ಲವೂ ಅಳಿಸಿಹೋಗುತ್ತವೆ, ಬೆಸುಗೆ ಬಿಡಿಸಿ ಹೊಸದನ್ನು ಹಾಕಬೇಕು. 2014ರಲ್ಲಿ 3ಡಿಎಸ್‌ಗೆ ಬಂದಿದ್ದ ಪ್ರತಿಯನ್ನು ಮಾರುತ್ತಿದ್ದ ಆನ್‌ಲೈನ್ ಅಂಗಡಿ 2023ರ ಮಾರ್ಚ್‌ನಲ್ಲಿ ಮುಚ್ಚಿತು. ಯಾರ ಬಳಿಯಾದರೂ ಇದು ಇದ್ದರೆ ನನ್ನ ಸಲಹೆ ಇಷ್ಟೇ: ಮೂಲ ಆಟವನ್ನು ಮೊದಲು ದೊಡ್ಡ ಪರದೆಯಲ್ಲಿ ಆಡಿ ಮುಗಿಸಿ, ಆಮೇಲೆ ಡಿಲಕ್ಸ್ ತೆರೆದು ಸೀದಾ ಚಾಲೆಂಜ್‌ಗೆ ಹೋಗಿ. 1-2ರ ಸುರಂಗದಲ್ಲಿ ಚಾವಣಿಯ ಮೇಲೆ ಓಡಿ, ಮುಂದಿನ ಲೋಕಗಳಿಗೆ ನೇರವಾಗಿ ಒಯ್ಯುವ ವಾರ್ಪ್ ಪೈಪ್‌ಗಳಿಗೆ ಹೋಗುವ ಅಭ್ಯಾಸ ಇರುವವರು, ಈ ಬಾರಿ ಕೆಳಗೇ ಉಳಿದು ಒಂದೊಂದೇ ಇಟ್ಟಿಗೆಯನ್ನು ನೋಡುತ್ತ ಹೋಗಲಿ.