ನಾಯಿ ಮರ್ಜ್ ಆಗುತ್ತಾ ಅಜ್ಜ?

ಹೋದ ತಿಂಗಳು ಒಂದು ಶುಕ್ರವಾರ ಇಲ್ಲಿ ಅಮೆರಿಕದಲ್ಲಿ ಚೆಕ್ ಹಾಕಲು ಬ್ಯಾಂಕಿಗೆ ಹೊರಟೆ. ಊರಿಂದ ಬಂದಿದ್ದ ಅಪ್ಪನೂ ಕಾರು ಹತ್ತಿದರು. ಮಗನಿಗೆ ಬೇಸಿಗೆ ರಜೆ, ಅವನು ಹಿಂದಿನ ಸೀಟಿನಲ್ಲಿ. ಡ್ರೈವ್-ಥ್ರೂ, ಅಂದರೆ ಕಾರಿನಲ್ಲೇ ಕೂತು ಬ್ಯಾಂಕಿನ ಕೆಲಸ ಮುಗಿಸುವ ಸಾಲಿನಲ್ಲಿ ನಮ್ಮ ಮುಂದೆ ಒಂದು ಪಿಕಪ್ ಟ್ರಕ್ ನಿಂತಿತ್ತು. ಅದರ ಕಿಟಕಿಯಿಂದ ಒಂದು ದೊಡ್ಡ ಕಂದು ನಾಯಿ ತಲೆ ಹೊರಗೆ ಹಾಕಿಕೊಂಡು ಎಲ್ಲರನ್ನೂ ನೋಡುತ್ತಿತ್ತು. ಬ್ಯಾಂಕಿನ ಒಳಗಿನಿಂದ ಗಾಳಿ ಕೊಳವೆಯಲ್ಲಿ ಸುಂಯ್ ಎಂದು ಡಬ್ಬಿ ಬಂತು. ಟ್ರಕ್ಕಿನವನು ಅದರಿಂದ ಹಣ ತೆಗೆದ, ರಸೀದಿ ತೆಗೆದ, ಕೊನೆಗೆ ಮೂಳೆಯ ಆಕಾರದ ಒಂದು ಬಿಸ್ಕತ್ತು ತೆಗೆದು ನಾಯಿಯ ಬಾಯಿಗಿಟ್ಟ.

"ಎಂತ ಮಾರಾಯ್ತಿ ಅದು? ಇಲ್ಲಿ ನಾಯಿಗೂ ಅಕೌಂಟ್ ಉಂಟಾ?" ಎಂದರು ಅಪ್ಪ.

ಇಲ್ಲಿ ಹಾಗೇ, ಮಕ್ಕಳಿದ್ದರೆ ಲಾಲಿಪಾಪ್, ನಾಯಿ ಇದ್ದರೆ ಬಿಸ್ಕತ್ತು ಎಂದೆ. ಅಪ್ಪ ಜೋರಾಗಿ ನಕ್ಕರು. "ನಮ್ಮ ಬ್ಯಾಂಕಿನ ಗುರುತೇ ನಾಯಿ. ಇಷ್ಟು ವರ್ಷ ಕೆಲಸ ಮಾಡಿದೆವು, ಒಂದು ದಿನ ಆ ನಾಯಿಗೆ ಬಿಸ್ಕತ್ತು ಹಾಕಲಿಲ್ಲ ನೋಡು."

ಹಿಂದಿನಿಂದ ಮಗ ಕೇಳಿದ, "ಆ ನಾಯಿ ಈಗ ಎಲ್ಲಿದೆ ಅಜ್ಜ?"

"ಅದಾ... ಅದು ಮರ್ಜ್ ಆಯ್ತು ಮಗಾ."

"ನಾಯಿ ಮರ್ಜ್ ಆಗುತ್ತಾ?"

ಅಪ್ಪ ಏನೂ ಹೇಳಲಿಲ್ಲ. ಅಷ್ಟರಲ್ಲಿ ನಮ್ಮ ಸರದಿ ಬಂತು, ನಾನು ಕಾರು ಮುಂದೆ ತೆಗೆದುಕೊಂಡೆ. ಮನೆಗೆ ಬರುವ ತನಕ ಅವರು ಕಿಟಕಿಯ ಹೊರಗೇ ನೋಡುತ್ತಿದ್ದರು. ನೋಡುವುದಕ್ಕೆ ಹೊರಗೆ ಜೋಳದ ಹೊಲ ಬಿಟ್ಟರೆ ಬೇರೇನೂ ಇರಲಿಲ್ಲ.

ಅಪ್ಪ ಸಿಂಡಿಕೇಟ್ ಬ್ಯಾಂಕಿನವರು. ಹೀಗೆ ಹೇಳಿದರೆ ಉಡುಪಿ ಕಡೆಯವರಿಗೆ ಮುಂದೆ ವಿವರಿಸಬೇಕಾಗಿಲ್ಲ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಈ ಮೂವರು 8,000 ರೂಪಾಯಿ ಬಂಡವಾಳ ಹಾಕಿ ಶುರು ಮಾಡಿದ್ದು. ಆಗ ಕೈಮಗ್ಗದ ಕೆಲಸ ಬಿದ್ದುಹೋಗಿ ನೇಕಾರರು ಕಷ್ಟದಲ್ಲಿದ್ದರು, ಅವರಿಗೆ ಸಾಲ ಕೊಡೋಣ ಅಂತ. ಮೂರು ವರ್ಷ ಕಳೆದು, 1928ರಲ್ಲಿ, ಪಿಗ್ಮಿ ಎಂಬ ಉಳಿತಾಯ ಯೋಜನೆ ಬಂತು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಬ್ಯಾಂಕಿನವರೇ ಮನೆ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು.

ನಮ್ಮ ಅಜ್ಜಿ ಜೀವನಪೂರ್ತಿ ಪಿಗ್ಮಿ ಕಟ್ಟಿದವರು. ಹಿತ್ತಲಲ್ಲಿ ಮಲ್ಲಿಗೆ ಇತ್ತು. ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಕಳಿಸಿದರೆ ಸಂಜೆ ಪಿಗ್ಮಿಗೆ ಹಣ. ಪಿಗ್ಮಿಯವರು ಅಂಗಳಕ್ಕೆ ಬರುವ ಮೊದಲೇ ಅವರ ಸೈಕಲ್ಲಿನ ಬೆಲ್ ಕೇಳುತ್ತಿತ್ತು. ಜಗಲಿಯಲ್ಲಿ ಕೂತು, ಒಂದು ಲೋಟ ನೀರು, ಒಂದು ತುಂಡು ಬೆಲ್ಲ. ಕಾರ್ಡಿನಲ್ಲಿ ಬರೆಯುವುದು ಅರ್ಧ ನಿಮಿಷದ ಕೆಲಸ. ಉಳಿದ ಹತ್ತು ನಿಮಿಷ ಊರಿನ ಸುದ್ದಿ. ಯಾರ ಮನೆಯಲ್ಲಿ ದನ ಕರು ಹಾಕಿತು, ಯಾರಿಗೆ ಜ್ವರ, ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ, ಎಲ್ಲಾ ಅವರಿಗೆ ಗೊತ್ತು. ಅಜ್ಜಿಗೆ ಬ್ಯಾಂಕ್ ಅಂದರೆ ಅವರೇ. ಬ್ಯಾಂಕಿನ ಕಟ್ಟಡದೊಳಗೆ ಅಜ್ಜಿ ಹೋದದ್ದು ಎರಡೋ ಮೂರೋ ಸಲ ಇರಬೇಕು.

ಇಲ್ಲಿ ಒಹಾಯೊದ ನಮ್ಮ ಸಣ್ಣ ಊರಿನ ಬ್ಯಾಂಕಿಗೂ ನೂರು ದಾಟಿದೆ. ಮೂಲೆಯಲ್ಲಿ ಇಟ್ಟಿಗೆಯ ಕಟ್ಟಡ, ಮೇಲೊಂದು ಗಡಿಯಾರ. ಅದರ ಹೆಡ್ ಕ್ಯಾಷಿಯರ್ ನಮ್ಮ ಪಕ್ಕದ ಮನೆಯಾಕೆ. ಮೂವತ್ತನಾಲ್ಕು ವರ್ಷದಿಂದ ಅದೇ ಬ್ಯಾಂಕು, ಅದೇ ಕೌಂಟರು. ಮಗ ಆಕೆಗೆ ಬ್ಯಾಂಕ್ ಅಜ್ಜಿ ಎಂದು ಹೆಸರಿಟ್ಟಿದ್ದಾನೆ. ಇಷ್ಟು ವರ್ಷದಲ್ಲಿ ಒಂದು ಟ್ರಾನ್ಸ್‌ಫರ್ ಕೂಡ ಆಗಿಲ್ಲ ಎಂದಾಗ ಅಪ್ಪ ನನ್ನ ಕಡೆ ತಿರುಗಿ, "ಸರಿಯಾಗಿ ಕೇಳು, ತಪ್ಪು ಹೇಳಿರಬೇಕು" ಎಂದರು. ಸರ್ಕಾರಿ ಬ್ಯಾಂಕಿನ ಆಫೀಸರಿಗೆ ಅದನ್ನು ನಂಬುವುದು ಕಷ್ಟವೇ. ಪ್ರಮೋಷನ್ ಸಿಕ್ಕಿದ ಮೇಲೆ ಮೂರು ವರ್ಷಕ್ಕೊಂದು ಊರು. ಅಪ್ಪ ಬಿಹಾರದಲ್ಲಿದ್ದಾಗ ನಾನು ಅಜ್ಜಿ ಮನೆಯಲ್ಲಿದ್ದು ಹೈಸ್ಕೂಲು ಮುಗಿಸಿದೆ. ನನ್ನ ಪ್ರೋಗ್ರೆಸ್ ಕಾರ್ಡಿಗೆಲ್ಲ ಅಜ್ಜಿಯದೇ ಸಹಿ.

ಅಪ್ಪ ಮತ್ತು ಬ್ಯಾಂಕ್ ಅಜ್ಜಿಯ ಸ್ನೇಹ ಶುರುವಾದದ್ದೇ ಒಂದು ಬ್ಯಾಂಕಿಂಗ್ ನಿಯಮದಿಂದ ಅಂದರೆ ನಗಬೇಡಿ. ಅಪ್ಪ ಬಂದ ವಾರ ಆಕೆ ಬೆಳಗಿನಿಂದ ಸಂಜೆ ತನಕ ವರಾಂಡದಲ್ಲಿ ಸುಮ್ನೆ ಕೂತಿರುತ್ತಿದ್ದರು. ಹುಷಾರಿಲ್ವಾ ಎಂದು ಕೇಳಿದೆ. ಹುಷಾರಾಗಿದ್ದೇನೆ, ಬ್ಯಾಂಕಿನವರು ಒಳಗೆ ಬಿಡುತ್ತಿಲ್ಲ ಎಂದರು! ಹಣ ಮುಟ್ಟುವ ದೊಡ್ಡ ಹುದ್ದೆಯವರು ವರ್ಷಕ್ಕೊಮ್ಮೆ ಸತತ ಎರಡು ವಾರ ರಜೆ ಹಾಕಲೇಬೇಕಂತೆ. ಆ ಎರಡು ವಾರ ಕಂಪ್ಯೂಟರಿಗೂ ಲಾಗಿನ್ ಆಗುವ ಹಾಗಿಲ್ಲ. ಯಾರಾದರೂ ಲೆಕ್ಕದಲ್ಲಿ ಆಟವಾಡುತ್ತಿದ್ದರೆ ಅದನ್ನು ದಿನಾ ಮುಚ್ಚಿಡುತ್ತಿರಬೇಕು. ಎರಡು ವಾರ ಬೇರೆಯವರು ಆ ಸೀಟಿನಲ್ಲಿ ಕೂತರೆ ತನ್ನಿಂತಾನೇ ಹೊರಗೆ ಬೀಳುತ್ತದೆ. ಇಲ್ಲಿಯ ಠೇವಣಿ ವಿಮಾ ಸಂಸ್ಥೆ ಎಫ್‌ಡಿಐಸಿ ಕೂಡ ಬ್ಯಾಂಕುಗಳಿಗೆ ಇದನ್ನೇ ಹೇಳುತ್ತದೆ.

ಅಪ್ಪನಿಗೆ ಇದು ಬಹಳ ಹಿಡಿಸಿತು. "ಕಳ್ಳನನ್ನು ಹಿಡಿಯಲಿಕ್ಕೆ ಇವರಿಗೆ ಎರಡು ವಾರ ಸಾಕು. ನಮ್ಮಲ್ಲಿ ಅದಕ್ಕೆ ಸಂಸಾರವನ್ನೇ ಲಾರಿಗೆ ಹಾಕಿ ಕಳಿಸುತ್ತಿದ್ದರು." ನಾನು ಅದನ್ನು ಇಂಗ್ಲಿಷಿಗೆ ಮಾಡಿ ಹೇಳಿದೆ. ಆಕೆ ನಕ್ಕರು, ಆದರೆ ಲಾರಿಯ ಮಾತು ಆಕೆಗೆ ಪೂರ್ತಿ ಅರ್ಥವಾಗಿರಲಾರದು.

ಮರುದಿನದಿಂದ ಇಬ್ಬರೂ ವರಾಂಡದಲ್ಲಿ. ಅಪ್ಪನ ಇಂಗ್ಲಿಷು ಬ್ಯಾಂಕಿನ ಪತ್ರದ ಇಂಗ್ಲಿಷು, ಆಕೆಯದು ಹಳ್ಳಿ ಒಹಾಯೊದ್ದು. ಆದರೂ ಮಾತು ನಡೆಯುತ್ತಿತ್ತು. ಒಂದು ಸಂಜೆ ನಾನು ಚಾ ತೆಗೆದುಕೊಂಡು ಹೋದಾಗ ಆಕೆ ಹಳೆಯ ಕತೆ ಹೇಳುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ದಿನ ಕ್ಯಾಷು ಟ್ಯಾಲಿ ಆಗಲಿಲ್ಲ, 27 ಡಾಲರ್ ಕಡಿಮೆ. ರಾತ್ರಿ ಎಂಟಾದರೂ ಸಿಗಲಿಲ್ಲ...

ಅಪ್ಪ ಮಾತು ಮುಗಿಯಲು ಬಿಡಲಿಲ್ಲ. ಒಂಬತ್ತು ಬೆರಳು ಎತ್ತಿ ತೋರಿಸಿದರು.

ಆಕೆ ಕುರ್ಚಿಯ ಕೈ ತಟ್ಟಿ, "ಹೌದು! ಒಂಬತ್ತು!" ಎಂದು ಕೂಗಿದರು. 

ನನಗೆ ಏನೂ ಗೊತ್ತಾಗಲಿಲ್ಲ. ಅಪ್ಪ ಪೇಪರಿನ ಅಂಚಿನಲ್ಲಿ ಬರೆದು ತೋರಿಸಿದರು. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಎಲ್ಲೋ ಅಂಕಿ ಹಿಂದುಮುಂದಾಗಿದೆ ಎಂದು ಮೊದಲು ಅನುಮಾನ ಪಡಬೇಕು. 58 ಅನ್ನು 85 ಎಂದು ಬರೆದರೆ ವ್ಯತ್ಯಾಸ 27. ಮೂರೊಂಬತ್ತಲೇ ಇಪ್ಪತ್ತೇಳು. ಅಂಥ ಚೀಟಿ ಹುಡುಕಿದರೆ ಸಾಕು. ಅಪ್ಪನಿಗೆ ಇದನ್ನು ಕಲಿಸಿದ್ದು ಮೊದಲ ಬ್ರಾಂಚಿನ ಹಳೆಯ ಕ್ಯಾಷಿಯರ್. ಆಕೆಗೆ ಕಲಿಸಿದ್ದು ಆಗಿನ ಹೆಡ್ ಕ್ಯಾಷಿಯರ್. ಇಬ್ಬರೂ ಆ ಹಿರಿಯರ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಚಾ ಆರಿಹೋಯಿತು.

ಊರಿನ ಮಟ್ಟಿಗೆ ಈ ಬ್ಯಾಂಕಿನವರು ಇಲ್ಲದ ಕೆಲಸವೇ ಇಲ್ಲ. ಲೈಬ್ರರಿ ಕಮಿಟಿಯಲ್ಲಿ ಇವರು, ಮಕ್ಕಳ ಬೇಸ್‌ಬಾಲ್ ಅಂಗಿಯ ಬೆನ್ನಿಗೆ ಇವರ ಹೆಸರು. ಶುಕ್ರವಾರ ಕೌಂಟರಿನವರೆಲ್ಲ ಜೀನ್ಸ್ ಹಾಕುತ್ತಾರೆ. ವಾರದ ಕೊನೆ ಎಂದು ಹಗುರಾಗಿ ಬರುತ್ತಾರೆ ಅಂದುಕೊಂಡಿದ್ದೆ. ಜೀನ್ಸ್ ಹಾಕಬೇಕಾದರೆ ಐದು ಡಾಲರ್ ಕೊಡಬೇಕಂತೆ, ಅದನ್ನು ಕೂಡಿಸಿ ತಿಂಗಳಿಗೊಂದು ಒಳ್ಳೆ ಕೆಲಸಕ್ಕೆ ಕೊಡುತ್ತಾರಂತೆ. ಇದನ್ನು ಕೇಳಿ ಅಪ್ಪ, "ನಮ್ಮ ಯೂನಿಯನ್ನಿನವರು ಇದ್ದಿದ್ದರೆ ಪ್ಯಾಂಟಿಗೆ ಅಲೋವೆನ್ಸ್ ಕೇಳುತ್ತಿದ್ದರು" ಎಂದರು.

ಜುಲೈಯಲ್ಲಿ ಜಾತ್ರೆ, ಅಂದರೆ ಕೌಂಟಿ ಫೇರ್. ಅಲ್ಲಿ ಮಕ್ಕಳು ಸಾಕಿದ ಪ್ರಾಣಿಗಳ ಹರಾಜು ನಡೆಯುತ್ತದೆ. ಫೋರ್-ಎಚ್ ಎಂದು ಹಳ್ಳಿ ಮಕ್ಕಳ ಸಂಘವೊಂದಿದೆ, 1902ರಲ್ಲಿ ಇದೇ ಒಹಾಯೊದಲ್ಲಿ ಶುರುವಾದದ್ದು. ಅದರ ಮಕ್ಕಳು ತಿಂಗಳುಗಟ್ಟಲೆ ಒಂದು ಹಂದಿಯನ್ನೋ ಕರುವನ್ನೋ ಸಾಕಿ, ಮೇವಿನ ಲೆಕ್ಕ ಪುಸ್ತಕದಲ್ಲಿ ಬರೆದಿಟ್ಟು, ಕೊನೆಗೆ ಹರಾಜಿಗೆ ತರುತ್ತಾರೆ. ನಮ್ಮ ಬೀದಿಯ ಒಂದು ಹುಡುಗಿ, ಹತ್ತು ವರ್ಷ ಇರಬಹುದು, ತನ್ನ ಹಂದಿಯನ್ನು ಸಣ್ಣ ಕೋಲಿನಿಂದ ತಟ್ಟುತ್ತಾ ಮರದ ಪುಡಿ ಹಾಸಿದ ಕಣದಲ್ಲಿ ಸುತ್ತು ಹೊಡೆಸಿದಳು. ಹರಾಜು ಕೂಗುವವನ ಮಾತು ಯಕ್ಷಗಾನದ ಭಾಗವತರ ಏರುಪದದಂತೆ ಓಡುತ್ತಿತ್ತು, ಒಂದು ಅಕ್ಷರವೂ ತಿಳಿಯದು. ಬೆಲೆ ಪೇಟೆಯ ದರ ದಾಟಿತು. ಎರಡು ಪಟ್ಟೂ ದಾಟಿತು. ಕೊನೆಗೆ ಕೈ ಎತ್ತಿ ನಿಂತದ್ದು ಬ್ಯಾಂಕಿನ ಮ್ಯಾನೇಜರು.

"ಬ್ಯಾಂಕಿಗೆ ಹಂದಿ ಎಂತಕ್ಕೆ?" ಅಪ್ಪನ ಪ್ರಶ್ನೆ.

ಆ ಹಣ ಹುಡುಗಿಯ ಕಾಲೇಜು ಖಾತೆಗೆ ಹೋಗುತ್ತದೆ, ಖಾತೆ ಇರುವುದೂ ಅದೇ ಬ್ಯಾಂಕಿನಲ್ಲಿ ಎಂದೆ. "ಹಾಗಾದರೆ ಪಿಗ್ಮಿಯೇ" ಎಂದರು. ಹುಡುಗಿ ಹಂದಿಯ ಕುತ್ತಿಗೆ ತಬ್ಬಿಕೊಂಡು ಅಳುತ್ತಿದ್ದಳು. ಅದು ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಮಗನಿಗೆ ನಾನು ಹೇಳಲಿಲ್ಲ.

ಇದೆಲ್ಲ ಬರೀ ಹೃದಯ ವೈಶಾಲ್ಯ ಅಂದುಕೊಂಡರೆ ಅರ್ಧ ತಪ್ಪು. ಒಂದು ಕಾಲದಲ್ಲಿ ಈ ದೇಶದಲ್ಲಿ ನಕ್ಷೆಯ ಮೇಲೆ ಕೆಂಪು ಗುರುತು ಹಾಕಿ, ಕರಿಯರು ಇರುವ ಬೀದಿಗಳಿಗೆ ಮನೆ ಸಾಲ ಸಿಗದ ಹಾಗೆ ಮಾಡಿದ್ದರು. ಅದಕ್ಕೇ 1977ರಲ್ಲಿ ಕಾನೂನು ಬಂತು. ಎಲ್ಲಿ ಠೇವಣಿ ತೆಗೆದುಕೊಳ್ಳುತ್ತೀರೋ ಅಲ್ಲಿಯ ಬಡವರಿಗೂ ಸಾಲ ಕೊಡುವ ಜವಾಬ್ದಾರಿ ನಿಮ್ಮದು ಎಂದು. ಬ್ಯಾಂಕಿನವರು ಬಡ ಮಕ್ಕಳು ಹೆಚ್ಚಿರುವ ಶಾಲೆಗೆ ಹೋಗಿ ಉಳಿತಾಯದ ಪಾಠ ಮಾಡಿದರೆ ಅದನ್ನು ಆ ಕಾನೂನಿನ ಲೆಕ್ಕಕ್ಕೆ ತೋರಿಸಿಕೊಳ್ಳಬಹುದು. "ಹಂದಿ ಕೊಂಡದ್ದನ್ನು ತೋರಿಸಲು ಬರುವುದಿಲ್ಲ" ಎಂದು ಬ್ಯಾಂಕ್ ಅಜ್ಜಿ ಕಣ್ಣು ಹೊಡೆದರು. ಇನ್ನೊಂದು ಮಾತು. ಮೂವತ್ತನಾಲ್ಕು ವರ್ಷ ದುಡಿದ ಆಕೆಗೆ ಅಪ್ಪನಿಗೆ ಬರುವಂಥ ಪಿಂಚಣಿ ಇಲ್ಲ. ತಾವೇ ಉಳಿಸಿದ ನಿವೃತ್ತಿ ಖಾತೆ ಇದೆ, ಅಷ್ಟೇ. ಅದನ್ನು ಕೇಳಿದ ದಿನ ಅಪ್ಪ ಟ್ರಾನ್ಸ್‌ಫರ್ ಬಗ್ಗೆ ದೂರು ಹೇಳಲಿಲ್ಲ.

ಮಗನ ಪ್ರಶ್ನೆಗೆ ಬರುತ್ತೇನೆ. ಆ ಶುಕ್ರವಾರ ರಾತ್ರಿ ಊಟವಾದ ಮೇಲೆ ಅಪ್ಪ ತಾವಾಗಿಯೇ ಅವನನ್ನು ಕೂರಿಸಿಕೊಂಡರು. ನಮ್ಮ ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳನ್ನು ಬೆರಳು ಮಡಚಿ ಎಣಿಸಿದರು. 1906ರಲ್ಲಿ ಮಂಗಳೂರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಶುರು ಮಾಡಿದ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಕಾರ್ಪೊರೇಷನ್, 1924ರ ಕರ್ಣಾಟಕ ಬ್ಯಾಂಕ್, ಆಮೇಲೆ ನಮ್ಮದು, 1931ರ ವಿಜಯದಶಮಿಗೆ ಎ.ಬಿ. ಶೆಟ್ಟರ ವಿಜಯಾ ಬ್ಯಾಂಕ್. ಹೊಟ್ಟೆಪಾಡಿಗೆ ಮುಂಬೈಗೆ ಹೋಗಿ ಹೋಟೆಲಿನಲ್ಲಿ ದುಡಿಯುವವರ ಜಿಲ್ಲೆಯೊಂದು ದೇಶಕ್ಕೇ ಬ್ಯಾಂಕು ಕಟ್ಟಿಕೊಟ್ಟಿತ್ತು. 2019ರ ಏಪ್ರಿಲ್ 1ಕ್ಕೆ ವಿಜಯಾ ಮರ್ಜ್ ಆಗಿ ಹೋಯಿತು, ಬ್ಯಾಂಕ್ ಆಫ್ ಬರೋಡಾದೊಳಗೆ. ಮರುವರ್ಷ ಅದೇ ತಾರೀಕಿಗೆ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಕೆನರಾಕ್ಕೆ.

"ನಮ್ಮ ನಾಯಿ ನಮ್ಮ ಅಣ್ಣನ ಮನೆಗೇ ಹೋಯಿತು, ದೂರ ಹೋಗಲಿಲ್ಲ" ಎಂದರು ಮಗನಿಗೆ.

ಆದರೆ ನನಗೆ ಆ ದಿನ ನೆನಪಿದೆ. 2020ರ ಏಪ್ರಿಲ್ 1, ಲಾಕ್‌ಡೌನ್. ಬ್ಯಾಂಕಿನವರಿಗೆ ಮಾರ್ಚ್ 31ರ ರಾತ್ರಿ ಅಂದರೆ ಕ್ಲೋಸಿಂಗ್, ದೀಪಾವಳಿಗಿಂತ ದೊಡ್ಡದು. ಅಪ್ಪ ನಿವೃತ್ತರಾದ ಮೇಲೂ ಆ ದಿನ ಬ್ರಾಂಚಿಗೆ ಹೋಗಿ ಹುಡುಗರಿಗೆ ಬೋಂಡ ಕೊಡಿಸಿ ಬರುತ್ತಿದ್ದರು. ಆ ವರ್ಷ ಹೋಗಲಾಗಲಿಲ್ಲ. ಫೋನಿನಲ್ಲಿ ಕೇಳಿದೆ, ಬೇಜಾರಾಯ್ತಾ ಅಪ್ಪ ಎಂದು. "ಎಂತ ಬೇಜಾರು, ಪಿಂಚಣಿ ಬರುತ್ತದಲ್ಲ" ಎಂದು ಅಮ್ಮನಿಗೆ ಫೋನು ಕೊಟ್ಟಿದ್ದರು. ಬೀದಿಯಲ್ಲಿ ಒಬ್ಬ ಮನುಷ್ಯನೂ ಇಲ್ಲದ ದಿನ ಆ ಹೆಸರು ಹೋಯಿತು. ನಾನೂ ಇಲ್ಲಿ ಸ್ಯಾನಿಟೈಸರ್ ಹುಡುಕುತ್ತಿದ್ದೆ, ಅದರ ಬಗ್ಗೆ ಮತ್ತೆ ಕೇಳಲಿಲ್ಲ. ಕೊನೆಗೆ ಎಂಟು ತುಂಬಿದ ಮಗನೇ ಅದನ್ನು ಕೇಳಬೇಕಾಯಿತು.

ಬ್ಯಾಂಕ್ ಅಜ್ಜಿಗೂ ಆ ಭಯ ಇದೆ. 1984ರಲ್ಲಿ ಈ ದೇಶದಲ್ಲಿ 14 ಸಾವಿರಕ್ಕೂ ಜಾಸ್ತಿ ಬ್ಯಾಂಕುಗಳಿದ್ದವು, ಈಗ ಐದು ಸಾವಿರವೂ ಇಲ್ಲ. ಸಣ್ಣದನ್ನು ದೊಡ್ಡದು ಕೊಳ್ಳುತ್ತದೆ, ಹರಾಜಿನ ಹಾಗೇ. "ನಾನು ರಿಟೈರ್ ಆಗುವ ತನಕ ಬೋರ್ಡು ಬದಲಾಗದಿದ್ದರೆ ಸಾಕು" ಎಂದರಂತೆ ಅಪ್ಪನ ಹತ್ತಿರ. ಅಪ್ಪ ಅದಕ್ಕೆ ಏನು ಹೇಳಿದರೋ, ನನಗೆ ಹೇಳಲಿಲ್ಲ.

ಅಪ್ಪ ಊರಿಗೆ ಹೊರಡುವ ಹಿಂದಿನ ವಾರ ಮತ್ತೆ ಮೂವರೂ ಡ್ರೈವ್-ಥ್ರೂಗೆ ಹೋದೆವು. ಡಬ್ಬಿ ಸುಂಯ್ ಎಂದು ಬಂತು. ರಸೀದಿ, ಒಂದು ಲಾಲಿಪಾಪ್, ಜೊತೆಗೆ ಮೂಳೆಯ ಆಕಾರದ ಒಂದು ಬಿಸ್ಕತ್ತು. ಗಾಜಿನಾಚೆ ಜೀನ್ಸ್ ಹಾಕಿದ ಬ್ಯಾಂಕ್ ಅಜ್ಜಿ ಅಪ್ಪನ ಕಡೆ ಕೈ ಬೀಸುತ್ತಿದ್ದರು.

"ನಮ್ಮ ಹತ್ತಿರ ನಾಯಿ ಇಲ್ವಲ್ಲ!" ಎಂದ ಮಗ.

ಅಪ್ಪ ಬಿಸ್ಕತ್ತನ್ನು ಶರಟಿನ ಜೇಬಿಗೆ ಹಾಕಿಕೊಂಡರು. ಆಮೇಲೆ ಮರೆತರು. ಮರುದಿನ ಬಟ್ಟೆ ಒಗೆದು ತೆಗೆದರೆ ಮೆಷಿನ್ ತುಂಬಾ ಕಂದು ಹಿಟ್ಟು, ಬಿಳಿ ಶರಟಿಗೂ ಅಂಟಿಕೊಂಡಿತ್ತು. ಎರಡು ಸಲ ಒಗೆದು, ಇಸ್ತ್ರಿ ಮಾಡಿ ಸೂಟ್‌ಕೇಸಿಗೆ ಹಾಕಿದೆ.