ಅಡವಿಯ ವಚನಕ್ಕೂ ಅದೇ ಪಲ್ಲವಿ

ನಮ್ಮ ವಿದ್ಯಾರ್ಥಿನಿಲಯದಲ್ಲಿ ಸಂಜೆಯ ಗಂಟೆ ಬಾರಿಸಿದೊಡನೆ ಚಾಪೆ ಹಾಸಿ ಪ್ರಾರ್ಥನೆಗೆ ಕುಳಿತುಕೊಳ್ಳುತ್ತಿದ್ದೆವು. ಶನಿವಾರಗಳಂದು ವಾರ್ಡನ್ ಆಗಿದ್ದ ಕನ್ನಡ ಟೀಚರ್ ಬೈಬಲಿನ 136ನೆಯ ಕೀರ್ತನೆಯನ್ನು ತೆರೆಯುತ್ತಿದ್ದರು. ಅದರ 26 ವಚನಗಳ ಮೊದಲರ್ಧವನ್ನು ಅವರು ಓದುವುದು, ‘ಆತನ ಕೃಪೆಯು ಶಾಶ್ವತವಾದದ್ದು’ ಎಂಬ ಉತ್ತರಾರ್ಧವನ್ನು ನಾವೆಲ್ಲ ಒಟ್ಟಾಗಿ ಹೇಳುವುದು ವಾಡಿಕೆ. ಮನೆಯಲ್ಲಿ ತುಳುವನ್ನೂ ಚರ್ಚಿನಲ್ಲಿ ಕನ್ನಡವನ್ನೂ ಕೇಳಿ ಬೆಳೆದ ಮಂಗಳೂರು ಕಡೆಯ ನಮಗೆ ಆ ಮಾತು ಅರ್ಥವಾಗುವ ಮೊದಲೇ ಬಾಯಿಪಾಠವಾಗಿತ್ತು.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ತಂದೆಯವರು ದುಡಿಯುತ್ತಿದ್ದ ಹೆಂಚಿನ ಕಾರ್ಖಾನೆ ಮುಚ್ಚಿತು. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಈ ಕಸುಬು ನೇತ್ರಾವತಿ, ಗುರುಪುರ ನದಿಗಳ ದಂಡೆಯ ಜೇಡಿಮಣ್ಣಿನಿಂದ ನೂರಾರು ಮನೆಗಳಿಗೆ ಅನ್ನ ಕೊಟ್ಟಿತ್ತು. ತಾರಸಿ ಮನೆಗಳು ಹೆಚ್ಚಿದಂತೆ ಭಟ್ಟಿಗಳು ಒಂದೊಂದಾಗಿ ಆರಿದವು. ತಂದೆಯವರು ದೋಣಿಗಳು ನಿಲ್ಲುವ ದಕ್ಕೆಯಲ್ಲಿ ಮೀನಿನ ಬುಟ್ಟಿ ಹೊರಲು ಹೋದರು. ಅಮ್ಮ ಬೀಡಿ ಕಟ್ಟಿದ ಹಣ ಹಾಸ್ಟೆಲಿನ ಶುಲ್ಕಕ್ಕೆ ಕಂತುಕಂತಾಗಿ ಬರುತ್ತಿತ್ತು, ಕೆಲವು ತಿಂಗಳು ಅದೂ ಇಲ್ಲ.

ಆ ದಿನಗಳ ಒಂದು ಶನಿವಾರ ನನಗೆ ಉತ್ತರ ಕೊಡಲು ಬಾಯಿ ಬರಲಿಲ್ಲ. ನಂಬದ ಮಾತನ್ನು ಹೇಳಬಾರದೆಂಬ ಹಟವೂ ಇತ್ತು. ಟೀಚರ್ ಗಮನಿಸಿದ್ದರು. ಗಂಜಿ ಊಟವಾದ ಮೇಲೆ ಅಡುಗೆಮನೆಯ ಜಗಲಿಗೆ ಕರೆದು, ಗದರದೆ, ಸಮಾಧಾನವನ್ನೂ ಹೇಳದೆ, ಬೈಬಲನ್ನು ನನ್ನ ತೊಡೆಯ ಮೇಲಿಟ್ಟು 16ನೆಯ ವಚನವನ್ನು ಬೆರಳಿಟ್ಟು ತೋರಿಸಿದರು. ಐಗುಪ್ತದ ದಾಸತ್ವದಿಂದ ಹೊರಟ ಇಸ್ರಾಯೇಲ್ಯರ ಕಥೆ ಅದು. ಅವರಿಗಾಗಿ ಸಮುದ್ರ ಇಬ್ಭಾಗವಾದದ್ದು ಅದಕ್ಕೆ ಮೊದಲು ಬರುತ್ತದೆ, ನಾಡು ದೊರೆತದ್ದು ಬಹಳ ಮುಂದೆ. ನಡುವಿನ ಈ ವಚನದಲ್ಲಿ ದೇವರು ಜನರನ್ನು ಅಡವಿಯಲ್ಲಿ ನಡೆಸಿದನೆಂದಷ್ಟೇ ಇದೆ.

“ಇಲ್ಲಿ ಅವರಿಗೆ ಊರು ಸಿಕ್ಕಿಲ್ಲ, ಇನ್ನೂ ನಡೆಯುತ್ತಲೇ ಇದ್ದಾರೆ. ಆದರೂ ಪಲ್ಲವಿ ತಪ್ಪಿಲ್ಲ, ನೋಡು ಮಗಾ,” ಎಂದರು. ಸ್ವಲ್ಪ ತಡೆದು, “ನಿನಗೆ ಹೇಳಲಿಕ್ಕೆ ಆಗದ ದಿನ ಸುಮ್ಮನೆ ಕೂತುಕೋ. ಉಳಿದವರು ಹೇಳುವುದು ಕಿವಿಗೆ ಬೀಳಲಿ,” ಎಂದರು.

ನಂಬಿಕೆಯ ಕುರಿತು ಆಮೇಲೆ ಎಷ್ಟೋ ಪ್ರಸಂಗಗಳನ್ನು ಕೇಳಿದ್ದೇನೆ. ಇಷ್ಟು ನೆರವಾದ ಮಾತು ಮತ್ತೊಂದಿಲ್ಲ. ಕ್ರಿ.ಪೂ. 586ರ ಸುಮಾರಿಗೆ ಯೆರೂಸಲೇಮು ಹಾಳಾದ ದುಃಖವನ್ನು ಹೇಳುವ, ಬೈಬಲಿನ ‘ಪ್ರಲಾಪಗಳು’ ಎಂಬ ಪುಸ್ತಕವನ್ನು ಓದಿದಾಗಲೂ ಅದೇ ನೆನಪಾಯಿತು. ಅದರ ಮೂರನೆಯ ಅಧ್ಯಾಯದಲ್ಲಿ ಹೀಬ್ರೂ ವರ್ಣಮಾಲೆಯ 22 ಅಕ್ಷರಗಳಿಗೆ ಮೂರು ಮೂರರಂತೆ 66 ವಚನಗಳಿವೆ. ಕರುಣೆ ದಿನದಿನವೂ ಬೆಳಿಗ್ಗೆ ಹೊಸದಾಗುತ್ತದೆಂಬ ಮಾತು ಅವುಗಳ ನಡುವೆ ಬರುತ್ತದೆ, ಬಂದ ಮೇಲೂ ಅಳು ನಿಲ್ಲುವುದಿಲ್ಲ. ಅಳುವವನೇ ಆ ಮಾತನ್ನು ಹೇಳಿದ್ದಾನೆಂಬುದರಿಂದಲೇ ನಾನು ಅದನ್ನು ನಂಬುತ್ತೇನೆ.

ಕಾರ್ಖಾನೆ ಮತ್ತೆ ತೆರೆಯಲಿಲ್ಲ. ನಾನು ಹತ್ತನೆಯ ತರಗತಿ ಮುಗಿಸಿ, ಮುಂದೆ ಓದಿ, ಈಗ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೇನೆ. ತಂದೆಯವರು ಕೊನೆಯ ಬಾರಿ ಹಾಸಿಗೆ ಹಿಡಿದಾಗ ನಾನು ಅದೇ ಕೀರ್ತನೆಯನ್ನು ಓದಿದೆ. ಉತ್ತರಾರ್ಧವನ್ನು ಅವರು ಹೇಳುತ್ತಾ ಬಂದರು. ಅಡವಿಯ ವಚನಕ್ಕೆ ಬಂದಾಗ ಅವರಿಗೆ ಉಸಿರು ಸಾಲಲಿಲ್ಲ. ಅಮ್ಮನೂ ತಮ್ಮನೂ ಅವರ ಬದಲಿಗೆ ಹೇಳಿದರು. ತಂದೆಯವರು ಕಣ್ಣು ಮುಚ್ಚಿ ಕೇಳುತ್ತಿದ್ದರು.